ಅತ್ತೆಯ ಕತ್ತಿನ ನೀರುಗಂಟಿ

ನಾನು ಬಿ.ಎಸ್ಸಿ. ಓದಿದವಳೆಂದು ಕೊತ್ತತ್ತಿಯಲ್ಲಿ ಎಲ್ಲರಿಗೂ ಗೊತ್ತು. ಆದರೂ ನಮ್ಮ ಮನೆಯಲ್ಲಿ ಯಾವ ಕಾಯಿಲೆಯೂ ಒಮ್ಮೆ ನಗಿಸದೆ ವಾಸಿಯಾಗುವುದಿಲ್ಲ. ಯಾರು ಏನು ತಿಂದರು, ಯಾವ ಮಾತ್ರೆ ನುಂಗಿದರು ಎಂದು ಬರೆದಿಡಲು ನನ್ನದೊಂದು ಪುಸ್ತಕವೇ ಇದೆ. ಈ ಸಲದ ಪುಟಗಳು ಅತ್ತೆಯವು.

ಎಳ್ಳುಂಡೆ

ಅತ್ತೆಗೆ ಸುಸ್ತು, ತಡೆಯಲಾರದ ಬಾಯಾರಿಕೆ. ಮಂಡ್ಯದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಕ್ಯಾಲ್ಸಿಯಂ ಜಾಸ್ತಿಯಾಗಿದೆ, ಕತ್ತಿನಲ್ಲಿರುವ ಒಂದು ಸಣ್ಣ ಗ್ರಂಥಿಯ ಮೇಲೆ ಅನುಮಾನ, ಅದೇ ಆಗಿದ್ದರೆ ಆಪರೇಷನ್ ಬೇಕಾಗಬಹುದು ಎಂದರು. ಸುದ್ದಿ ಕೇಳಿ ಮದ್ದೂರಿನಿಂದ ನಾದಿನಿ ಓಡಿ ಬಂದಳು. ಕೈಯಲ್ಲಿ ರಾಗಿಹಿಟ್ಟು, ಹಾಲಿನ ಪುಡಿ, ಒಂದು ಡಬ್ಬಿ ಎಳ್ಳುಂಡೆ. ಕ್ಯಾಲ್ಸಿಯಂ ಈಗಾಗಲೇ ಹೆಚ್ಚಾಗಿದೆಯಮ್ಮಾ ಎಂದೆ.

"ಹೆಚ್ಚಾಗಿರೋದು ರಕ್ತದಲ್ಲಿ ತಾನೆ ಅತ್ತಿಗೆ? ಇದು ಮೂಳೆಗೆ."

ದೂರು

ಆಪರೇಷನ್ ಎಂದ ದಿನದಿಂದ ಅತ್ತೆ ಕತ್ತಿನ ಮೇಲಿಟ್ಟ ಕೈ ತೆಗೆದಿರಲಿಲ್ಲ. ಅವರಿಗೆ ತಿಳಿಯುವ ಹಾಗೆ ಹೇಳಿದೆ. ಆ ಗ್ರಂಥಿ ನಾಲೆಗೆ ನೀರು ಬಿಡುವ, ನಿಲ್ಲಿಸುವ ನೀರುಗಂಟಿ ಇದ್ದಂತೆ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ತನ್ನ ಹಾರ್ಮೋನು ಕಳಿಸಿ ಮೂಳೆಯೆಂಬ ಕೆರೆಯ ತೂಬು ಎತ್ತಿಸುತ್ತದೆ. ಜೊತೆಗೆ ಹರಿದು ಬರುವ ಫಾಸ್ಫೇಟನ್ನು ಮೂತ್ರದಲ್ಲಿ ಆಚೆಗೆ ಹಾಕಿಸುತ್ತದೆ. ಸಾಕಾದಾಗ ತೂಬು ಮುಚ್ಚಬೇಕು. ನಿಮ್ಮ ನೀರುಗಂಟಿ ಮುಚ್ಚುತ್ತಿಲ್ಲವೇನೋ ಎಂದು ಅನುಮಾನ, ಅಷ್ಟೆ.

ಅತ್ತೆ ಪೂರ್ತಿ ಕೇಳಿಸಿಕೊಂಡರು. "ನಮ್ಮೂರಲ್ಲಿ ನೀರುಗಂಟಿ ಮ್ಯಾಲೆ ದೂರು ಬಂದ್ರೆ ಮೊದ್ಲು ಅವನ್ನ ಕರ್ದು ಕೇಳ್ತಾರೆ. ಕತ್ತು ಕುಯ್ಯಕ್ಕಿಲ್ಲ ಕಣವ್ವ."

ಅಷ್ಟು ಹೇಳಿ, ಕತ್ತು ಉಳಿದರೆ ಬರುತ್ತೇನೆಂದು ಮುತ್ತತ್ತಿ ಆಂಜನೇಯನಿಗೆ ಹರಕೆಯನ್ನೂ ಕಟ್ಟಿಕೊಂಡರು.

ಪುಸ್ತಕ

ಡಾಕ್ಟರೂ ನೀರುಗಂಟಿಯನ್ನೇ ಕೇಳಿದ್ದರು. ಅತ್ತೆಯನ್ನು ಕರೆದುಕೊಂಡು ಮತ್ತೆ ಮಂಡ್ಯಕ್ಕೆ ಹೋದಾಗ ಹಾರ್ಮೋನಿನ ರಿಪೋರ್ಟು ಬಂದಿತ್ತು: ತೀರಾ ಕಡಿಮೆ. ಗ್ರಂಥಿಯದೇನೂ ತಪ್ಪಿಲ್ಲ, ತೂಬು ಮುಚ್ಚಿ ಸುಮ್ಮನೆ ಕೂತಿದೆ. ಹಾಗಾದರೆ ಕ್ಯಾಲ್ಸಿಯಂ ಹೊರಗಿನಿಂದ ಬರುತ್ತಿರಬೇಕು, ಏನೇನು ಕೊಡುತ್ತೀರಿ ಎಂದರು. ನಾನು ಕಾಯುತ್ತಿದ್ದದ್ದೇ ಈ ಪ್ರಶ್ನೆಗೆ. ಪುಸ್ತಕ ಮುಂದಿಟ್ಟೆ. ಮುದ್ದೆ, ಸಾರು, ಮೊದಲಿನಿಂದ ನುಂಗುತ್ತಿದ್ದ ದಿನಕ್ಕೊಂದು ಕ್ಯಾಲ್ಸಿಯಂ ಮಾತ್ರೆ, ಕಡೆಗೆ ಅರ್ಧ ಬಾಳೆಹಣ್ಣು ಕೂಡ ಬಿಟ್ಟುಹೋಗಿರಲಿಲ್ಲ. ಡಾಕ್ಟರು ಹಾಳೆ ಮಗುಚಿ ಮಗುಚಿ ಸೋತರು. ಒಂದು ಮಾತ್ರೆಗೆ ಇಷ್ಟು ಏರುವುದಿಲ್ಲವಲ್ಲ ಎಂದು ತಲೆ ಕೆರೆದುಕೊಂಡರು.

ಅತ್ತೆಗೆ ಬೇಸರವಾಗಿ ಸೊಂಟದ ಎಲೆ ಸಂಚಿಯನ್ನು ಒಂದೇ ಕೈಯಲ್ಲಿ ಬಿಚ್ಚಿ ನನ್ನ ಕಡೆ ಚಾಚಿದರು. ನಾನು ಅಭ್ಯಾಸದಂತೆ ವೀಳ್ಯದೆಲೆ ತೊಡೆದು ಸುಣ್ಣ ಬಳಿಯತೊಡಗಿದೆ. ಡಾಕ್ಟರ ಕಣ್ಣು ನನ್ನ ಬೆರಳ ಮೇಲೆ ನಿಂತಿತು. ದಿನಕ್ಕೆ ಎಷ್ಟು ಎಂದರು. ಇಪ್ಪತ್ತೈದು, ನೆಂಟರು ಬಂದರೆ ಮೂವತ್ತು ಎಂದೆ. ಪುಸ್ತಕದಲ್ಲಿ ಏಕಿಲ್ಲ ಎಂದರು. ಎಲೆಅಡಿಕೆ ಊಟವಲ್ಲವಲ್ಲ ಎಂದೆ.

"ಸುಣ್ಣ ಅಂದರೆ ಏನಮ್ಮಾ?"

"ಕ್ಯಾಲ್ಸಿಯಂ ಹೈಡ್ರಾಕ್ಸೈಡು," ಎಂದು ಕಾಲೇಜಿನಲ್ಲಿ ಒಪ್ಪಿಸುತ್ತಿದ್ದ ಹಾಗೆಯೇ ಒಪ್ಪಿಸಿದೆ. ಮಾತು ಮುಗಿದ ಮೇಲೆ ಅದು ನನಗೂ ಕೇಳಿಸಿತು.

ಸುಣ್ಣ ಬಂದ್, ಮಾತ್ರೆ ಬಂದ್, ಎರಡು ದಿನ ಡ್ರಿಪ್ಪು, ಆಪರೇಷನ್ ಬೇಡ ಎಂದು ಡಾಕ್ಟರು ಬರೆದುಕೊಟ್ಟರು. ಅತ್ತೆಯ ಕೈ ಅಂದು ಮೊದಲ ಬಾರಿಗೆ ಕತ್ತಿನಿಂದ ಇಳಿಯಿತು. ನನ್ನ ಮುಖ ನೋಡಿ ಅಯ್ಯೋ ಅನ್ನಿಸಿರಬೇಕು, ಡಾಕ್ಟರ ಕಡೆ ತಿರುಗಿದರು.

"ಅವ್ಳನ್ನ ಏನೂ ಅನ್ಬೇಡ ಕಣಪ್ಪ. ಓದಿರೋಳು. ನಮ್ಮನೇಲಿ ಇನ್ಯಾರೂ ಸುಣ್ಣವ ಇಷ್ಟು ದಂಡಿಯಾಗಿ ಬಳ್ಕೊಟ್ಟೋರಿಲ್ಲ."