ತಿರುಮಲರಾಯರ ಮೂರನೇ ಫಾರಂ

ತಿರುಮಲರಾಯರ ಎರಡನೇ ಫಾರಂ ರದ್ದಾದದ್ದು ಒಂದು ಶೂ ಲೇಸಿನಿಂದ. ಮೂರು ವರ್ಷದ ಹುಡುಗನೊಬ್ಬ ಅವರ ಕುರ್ಚಿಯ ಮುಂದೆ ಬಂದು ನಿಂತು, ಲೇಸು ಬಿಚ್ಚಿಹೋದ ಕಾಲನ್ನು ಮಹಾರಾಜನ ಹಾಗೆ ಮುಂದೆ ಚಾಚಿದ. ರಾಯರು ಬಗ್ಗಿ ಕಟ್ಟಿದರು. ಮೊದಲನೆಯ ಫಾರಂ ಹೋದದ್ದು ಇನ್ನೂ ಸಣ್ಣ ಕಾರಣಕ್ಕೆ. ಕೆಮ್ಮುತ್ತಿದ್ದ ಹುಡುಗಿಯೊಬ್ಬಳಿಗೆ ನೀರಿನ ಬಾಟಲಿಯ ಮುಚ್ಚಳ ತೆಗೆದುಕೊಟ್ಟಿದ್ದರು.

ರಾಯರ ಕೆಲಸವೇ ಅಂಥದ್ದು. ನುಂಗಂಬಾಕ್ಕಂನ ಶೈಶವ ಅಧ್ಯಯನ ಕೇಂದ್ರದವರು ಚೆನ್ನೈಯ ಶಿಶುವಿಹಾರಗಳ ಗುಣಮಟ್ಟ ಅಳೆಯುತ್ತಿದ್ದರು. ವೀಕ್ಷಕನಾದವನು ಮೂಲೆಯಲ್ಲಿ ಮೂರು ಗಂಟೆ ಕೂತು, ಟೀಚರು ಮಕ್ಕಳನ್ನು ಹೇಗೆ ನೋಡಿಕೊಳ್ಳುತ್ತಾರೆ ಎಂಬುದಕ್ಕೆ ಮೂವತ್ತೆರಡು ಪ್ರಶ್ನೆಗಳ ಫಾರಂನಲ್ಲಿ ಒಂದರಿಂದ ಏಳರವರೆಗೆ ಅಂಕ ಹಾಕಬೇಕು. ಮಕ್ಕಳನ್ನು ಮುಟ್ಟಬಾರದು, ಮಾತಾಡಿಸಬಾರದು, ನೋಡಿ ನಗಲೂಬಾರದು. "ನೀವು ಕೈ ಹಾಕಿದ್ರೆ ನಾವು ಅಳೆಯೋದು ಶಿಶುವಿಹಾರಾನಲ್ಲ, ನಿಮ್ಮನ್ನ" ಎಂದು ಡೈರೆಕ್ಟರ್ ಗುರುಚರಣ ತರಬೇತಿಯಲ್ಲಿ ಹೇಳಿದ್ದರು. ಮಾತು ನ್ಯಾಯವಾದದ್ದೇ ಎಂದು ರಾಯರಿಗೂ ಅನ್ನಿಸಿತ್ತು. ಮೂರನೇ ಫಾರಂ ಏನಾದರೂ ಕೆಟ್ಟರೆ ಕೆಲಸ ಬಿಟ್ಟುಬಿಡಿ ಎಂದು ಅದೇ ಗುರುಚರಣ ನಿನ್ನೆ ಸಂಜೆ ಮೆತ್ತಗೆ ಹೇಳಿ ಕಳಿಸಿದ್ದರು.

ಇಪ್ಪತ್ತೆಂಟು ವರ್ಷ ರಾಯರು ಒಂದು ಇನ್ಶೂರೆನ್ಸ್ ಸಂಸ್ಥೆಯಲ್ಲಿ ಸರ್ವೇಯರ್ ಆಗಿದ್ದವರು. ಸುಟ್ಟ ಗೋಡೌನು, ಮುಳುಗಿದ ದೋಣಿ, ಕುಸಿದ ಗೋಡೆ, ಎಲ್ಲವನ್ನೂ ನಿರ್ವಿಕಾರವಾಗಿ ನೋಡಿ ಬರೆದುಕೊಂಡು ಬರುತ್ತಿದ್ದರು. ಆ ನಿರ್ವಿಕಾರವನ್ನು ಮೆಚ್ಚಿಯೇ ಗುರುಚರಣ ಅವರನ್ನು ತೆಗೆದುಕೊಂಡದ್ದು. ಸಂಸ್ಥೆ ಮುಚ್ಚಿದ ಮೇಲೆ ಒಂದು ವರ್ಷ ಅವರು ಮನೆಯಲ್ಲಿ ಕೂತಿದ್ದರು. ಆ ವರ್ಷದ ಬೆಳಗುಗಳು ನೆನಪಾದರೆ ಈಗಲೂ ಅವರಿಗೆ ಭಯವಾಗುತ್ತಿತ್ತು. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೋಗಲು ಎಲ್ಲಿಯೂ ಜಾಗವಿಲ್ಲದ ಬೆಳಗುಗಳು ಅವು.

"ಇವತ್ತು ಯಾವ ಮಗು ಬಿದ್ರೂ ಎತ್ತಬೇಡಿ" ಎಂದಳು ಹೆಂಡತಿ ಉಷಾ, ಊಟದ ಡಬ್ಬಿ ಕೈಗಿಡುತ್ತ. "ಕೈ ಎರಡೂ ಜೇಬಲ್ಲಿ ಇಟ್ಕೊಂಡಿರಿ." ಹೇಳಿದ ಮೇಲೆ ತಾನು ಎಂಥ ಮಾತು ಹೇಳಿದೆ ಎಂದು ಅವಳಿಗೇ ಒಂಥರಾ ಆಯಿತು.

ಇವತ್ತಿನ ಶಿಶುವಿಹಾರ ಇದ್ದದ್ದು ಪುರಸೈವಾಕ್ಕಂನ ಒಂದು ಓಣಿಯಲ್ಲಿ. ಆ ರಸ್ತೆಯ ಜವಳಿ ಅಂಗಡಿಗಳಲ್ಲಿ ದಿನವಿಡೀ ನಿಂತು ಸೀರೆ ಬಿಡಿಸಿ ತೋರಿಸುವ ಹೆಂಗಸರು ತಮ್ಮ ಮಕ್ಕಳನ್ನು ಇಲ್ಲಿ ಬಿಟ್ಟು ಹೋಗುತ್ತಿದ್ದರು. ಕೆಳಗಿನ ಹಾಲ್‌ನಲ್ಲಿ ಹತ್ತೊಂಬತ್ತು ಮಕ್ಕಳು, ಅವರನ್ನು ನೋಡಿಕೊಳ್ಳಲು ಒಬ್ಬ ಆಯಾ, ಶ್ರೀವಿದ್ಯಾ ಎಂಬ ಒಬ್ಬ ಟೀಚರು. ಮೇಲಿನ ಮನೆಯಲ್ಲಿ ಶಿಶುವಿಹಾರದ ಒಡತಿ ರಮಾಬಾಯಿ. ಮಂಡಿನೋವಿನಿಂದ ಮೆಟ್ಟಿಲಿಳಿಯಲಾರದ ಆಕೆ ಎಪ್ಪತ್ತನೇ ವಯಸ್ಸಿನಲ್ಲಿ ಇಡೀ ಸಂಸ್ಥೆಯನ್ನು ಗಂಟಲಿನಿಂದಲೇ ನಡೆಸುತ್ತಿದ್ದರು.

ರಾಯರು ಒಂಬತ್ತೂವರೆಗೆ ಮೂಲೆಯಲ್ಲಿ ಕೂತರು. ಒಂಬತ್ತೂ ಮುಕ್ಕಾಲಿಗೆ ಶ್ರೀವಿದ್ಯಾಳ ಫೋನು ಗುಂಯ್‌ಗುಟ್ಟಿತು. ಓದಿ ಆಕೆ ರಾಯರ ಹತ್ತಿರ ಓಡಿಬಂದಳು.

"ಸಾರ್, ಎಗ್ಮೋರಲ್ಲಿ ಗುಣಮಟ್ಟ ತರಬೇತಿಯಂತೆ. ಹತ್ತು ಗಂಟೆಗೇ! ಬರದೆ ಇದ್ರೆ ಟೀಚರ್ ಲಿಸ್ಟಿಂದ ಹೆಸರು ತೆಗೀತಾರಂತೆ. ಆಯಾ ಬೇರೆ ಇವತ್ತು ರಜ. ಒಂದೆರಡು ಗಂಟೆ, ಅಷ್ಟೆ. ನೀವಿದೀರಲ್ಲ."

"ನಾನು ಇಲ್ಲ ಅಂತಲೇ ಲೆಕ್ಕ, ಅಮ್ಮಾ" ಎಂದರು ರಾಯರು ಗಾಬರಿಯಿಂದ. "ನಾನು ವೀಕ್ಷಕ. ಗೋಡೆ ಇದ್ದ ಹಾಗೆ."

"ಬಾಗಿಲಿಗೆ ಚಿಲಕ ಹಾಕ್ಕೋತೀರಲ್ಲ, ಅಷ್ಟು ಸಾಕು ಸಾರ್. ಮೇಲೆ ರಮಾಬಾಯಿ ಮಾಮಿ ಇದಾರೆ." ಆಟೋ ಹಾರನ್ನು ಕೇಳಿಸಿತು, ಶ್ರೀವಿದ್ಯಾ ಹೋಗಿಯೇಬಿಟ್ಟಳು.

ರಾಯರು ಚಿಲಕ ಹಾಕಿದರು. ಚಿಲಕ ಹಾಕುವುದು ಮಧ್ಯಪ್ರವೇಶವಲ್ಲ ಎಂದು ತಮಗೆ ತಾವೇ ಹೇಳಿಕೊಂಡರು. ಮತ್ತೆ ಮೂಲೆಗೆ ಹೋಗಿ ಕೂತು ಎರಡೂ ಕೈಗಳನ್ನು ಜೇಬಿಗೆ ತುರುಕಿದರು. ಹತ್ತೊಂಬತ್ತು ಜೊತೆ ಕಣ್ಣುಗಳು ಅವರ ಕಡೆ ತಿರುಗಿದವು.

"ತಾತಾ, ನೀ ಯಾರು?" ಎಂದ ಒಬ್ಬ.

ರಾಯರು ಗೋಡೆಯ ಮೇಲಿನ ಆನೆಯ ಚಿತ್ರವನ್ನು ನೋಡತೊಡಗಿದರು.

ಹತ್ತು ನಿಮಿಷ ಹೇಗೋ ಕಳೆಯಿತು. ಆಮೇಲೆ ಪ್ರಣಮ್ಯಾ ಎಂಬ ಪುಟ್ಟ ಹುಡುಗಿ ಹಾಲ್‌ನ ನಡುವೆ ಎದ್ದು ನಿಂತಳು. ಅವಳ ಫ್ರಾಕು ಒದ್ದೆಯಾಗಿತ್ತು, ನೆಲವೂ ಒದ್ದೆಯಾಗಿತ್ತು. ಒಂದಿಬ್ಬರು ಹುಡುಗರು ಬೆರಳು ತೋರಿಸಿ ನಕ್ಕರು. ಅವಳು ಟೀಚರನ್ನು ಹುಡುಕಿ ಸುತ್ತಲೂ ನೋಡಿದಳು. ಯಾರೂ ಕಾಣದಾದಾಗ ಬಾಯಿ ತೆರೆದು ಅಳತೊಡಗಿದಳು.

ಫಾರಂನ ಹನ್ನೊಂದನೇ ಪ್ರಶ್ನೆ ಹೀಗಿತ್ತು: ಮಗು ಅತ್ತಾಗ ದೊಡ್ಡವರು ಎಷ್ಟು ಸೆಕೆಂಡುಗಳಲ್ಲಿ ಹತ್ತಿರ ಬಂದರು? ರಾಯರು ಕೊರಳಲ್ಲಿ ನೇತುಹಾಕಿಕೊಂಡಿದ್ದ ಸ್ಟಾಪ್‌ವಾಚಿನ ಗುಂಡಿ ಒತ್ತಿದರು. ಹತ್ತು ಸೆಕೆಂಡಿನೊಳಗೆ ಬಂದರೆ ಏಳು ಅಂಕ. ಒಂದು ನಿಮಿಷವಾದರೆ ಎರಡು. ಅದಾದ ಮೇಲೆ ಒಂದೇ.

ಇಪ್ಪತ್ತು ಸೆಕೆಂಡಾಯಿತು. ನಲವತ್ತಾಯಿತು.

"ಏನಪ್ಪಾ ಅಲ್ಲಿ ಕೂತಿರೋದು!" ಮೆಟ್ಟಿಲ ಮೇಲಿನಿಂದ ರಮಾಬಾಯಿಯ ಧ್ವನಿ ಉರುಳಿಬಂತು. "ಮಗು ಅಷ್ಟು ಅಳ್ತಾ ಇದೆ, ಶುಮ್ಮಾ ಕೂತಿದೀಯಲ್ಲ! ಕೊಂಜ ಹೊತ್ತು ಎತ್ಕೊಂಡ್ರೆ ಕೈ ಸವೆದುಹೋಗತ್ತಾ?"

"ನಾನು ಎತ್ಕೊಳ್ಳೋ ಹಾಗಿಲ್ಲ, ಅಮ್ಮಾ! ರೂಲ್ಸ್ ಇದೆ!"

"ಅದ್ಯಾವ ರೂಲ್ಸೋ, ನಿನ್ನ ತಾಯಿಗೆ ಆ ರೂಲ್ಸ್ ಗೊತ್ತಿರಲಿಲ್ಲ, ಬಚಾವಾದೆ!"

ಎದುರುಗಡೆ ಇಸ್ತ್ರಿ ಗಾಡಿಯವನು ಕಿಟಕಿಯ ಕಂಬಿ ಹಿಡಿದು ಒಳಗೆ ಇಣುಕಿದ. "ಎನ್ನ ಸಾರ್, ಕೊಳಂದೆ ಅಳುದು, ನೀಂಗ ವಾಚ್ ಪಾಕ್ಕುರೀಂಗ!" ಎಂದ. ಮಗು ಅಳುತ್ತಿದ್ದರೆ ಇವರು ಗಡಿಯಾರ ನೋಡುತ್ತಿದ್ದಾರಲ್ಲ ಎಂದು ಅವನಿಗೆ ಕೋಪಕ್ಕಿಂತ ಆಶ್ಚರ್ಯವೇ ಹೆಚ್ಚಾಗಿತ್ತು. ಅವನ ಹಿಂದೆ ಹೂವಿನವಳೂ ಬಂದು ನಿಂತಳು.

ಒಂದು ನಿಮಿಷ ಹತ್ತು ಸೆಕೆಂಡು. ಪ್ರಣಮ್ಯಾ ಅಳು ನಿಲ್ಲಿಸಿದಳು. ಅವಳಿಗೆ ಸಮಾಧಾನವಾಗಿರಲಿಲ್ಲ. ಯಾರೂ ಬರುವುದಿಲ್ಲ ಎಂದು ಅವಳಿಗೆ ಗೊತ್ತಾಗಿತ್ತು. ಒದ್ದೆ ಫ್ರಾಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಗೋಡೆಯ ಕಡೆ ಮುಖ ಮಾಡಿ ಸುಮ್ಮನೆ ನಿಂತಳು. ಬೆನ್ನು ಮಾತ್ರ ಅದುರುತ್ತಿತ್ತು.

ರಾಯರು ಆ ಬೆನ್ನನ್ನೇ ನೋಡುತ್ತಿದ್ದರು. ಒಂದು ನಿಮಿಷ ನಲವತ್ತು ಸೆಕೆಂಡಿಗೆ ಅವರು ಎದ್ದರು. ಸ್ಟಾಪ್‌ವಾಚನ್ನು ನಿಲ್ಲಿಸಬೇಕೆಂಬುದೂ ನೆನಪಾಗಲಿಲ್ಲ.

ಒಬ್ಬಳಿಗೆ ಫ್ರಾಕು ಬದಲಾಯಿಸಿದ ಮೇಲೆ ಮಿಕ್ಕ ಹದಿನೆಂಟು ಮಂದಿ ಸುಮ್ಮನಿರುತ್ತಾರೆಯೇ? ಒಬ್ಬನಿಗೆ ಮೂಗು ಒರೆಸಬೇಕು, ಇನ್ನೊಬ್ಬಳಿಗೆ ಜಡೆ ಕಟ್ಟಬೇಕು, ಮತ್ತೊಬ್ಬನಿಗೆ ತನ್ನ ಹಲ್ಲು ಅಲ್ಲಾಡುವುದನ್ನು ತೋರಿಸಬೇಕು. ರಾಯರು ಕನ್ನಡದಲ್ಲಿ ಕೇಳಿದ್ದಕ್ಕೆ ಕನ್ನಡದ ಮನೆಯ ಮಕ್ಕಳೂ ತಮಿಳಿನಲ್ಲೇ ಉತ್ತರ ಕೊಟ್ಟರು. ಹೇಗೋ ನಡೆಯಿತು. ಗಲಾಟೆ ಹೆಚ್ಚಾದಾಗ ಅವರು ನೆಲದ ಮೇಲೆ ಮಂಡಿಯೂರಿ ಕೂತು, ಪ್ಯಾರೀಸ್ ಕಾರ್ನರಿನ ಏಲಕ್ಕಿ ಗೋಡೌನಿಗೆ ಬೆಂಕಿ ಬಿದ್ದ ಕಥೆ ಶುರು ಮಾಡಿದರು.

"ಬೀದಿ ತುಂಬ ಹೊಗೆ. ಆದ್ರೆ ವಾಸನೆ ಏನು ಗೊತ್ತಾ? ಯಾರೋ ಊರಿಗೆಲ್ಲ ಅಡಿಗೆ ಮಾಡ್ತಾ ಇರೋ ಹಾಗೆ. ಏನು ಅಡಿಗೆ?"

"ಪಾಯಸಂ!" ಎಂದು ಹತ್ತೊಂಬತ್ತು ಗಂಟಲು ಒಟ್ಟಿಗೆ ಕೂಗಿದವು.

ಆರು ಮಂದಿ ಫೈರ್ ಎಂಜಿನ್ ಆದರು, ನಾಲ್ವರು ಬೆಂಕಿಯಾದರು, ಪ್ರಣಮ್ಯಾ ನೀರಿನ ಪೈಪು ಹಿಡಿದಳು. ಇಪ್ಪತ್ತೆಂಟು ವರ್ಷ ಬರೀ ನಷ್ಟದ ವರದಿಯಾಗಿದ್ದದ್ದು ಹೀಗೆ ಆಟವೂ ಆಗಬಹುದೆಂದು ರಾಯರಿಗೆ ಇವತ್ತೇ ಗೊತ್ತಾದದ್ದು. ಅವರು ಸಂತೋಷವಾಗಿದ್ದರು. ಎಷ್ಟೋ ಕಾಲದ ಮೇಲೆ ಅಷ್ಟು ಸಂತೋಷವಾಗಿದ್ದರು.

ಅಷ್ಟರಲ್ಲಿ ಹೊರಗಿನ ಜಗುಲಿಯ ಕಿಟಕಿಯ ಬಳಿ ಹುಡುಗಿಯೊಬ್ಬಳು ಬಂದು ಕೂತದ್ದನ್ನು ಅವರು ಕಂಡರು. ಹೆಗಲಿಗೆ ಚೀಲ, ಮಡಿಲಲ್ಲಿ ಪುಸ್ತಕ. ಮಗುವನ್ನು ಸೇರಿಸಲು ವಿಚಾರಿಸಲು ಬಂದ ತಾಯಿ ಇರಬೇಕು ಎಂದುಕೊಂಡು, "ಮಗೂನ ಸೇರಿಸೋಕೆ ಬಂದ್ರೇನಮ್ಮಾ?" ಎಂದರು. ಅವಳು ಉತ್ತರ ಕೊಡಲಿಲ್ಲ, ನಗಲೂ ಇಲ್ಲ. ಗರ್ವದ ಹುಡುಗಿ ಎಂದುಕೊಂಡು ರಾಯರು ಬೆಂಕಿ ಆರಿಸಲು ಹೋದರು.

ಶ್ರೀವಿದ್ಯಾ ಹನ್ನೆರಡೂ ಮುಕ್ಕಾಲಿಗೆ ಏದುಸಿರು ಬಿಡುತ್ತ ಬಂದಳು. ಜಗುಲಿಯ ಹುಡುಗಿ ಅಷ್ಟು ಹೊತ್ತಿಗೆ ಹೊರಟುಹೋಗಿದ್ದಳು.

"ಏನು ಕಲಿಸಿದ್ರಮ್ಮಾ ತರಬೇತೀಲಿ?" ಎಂದು ರಾಯರು ಕೇಳಿದರು.

"ಮಕ್ಕಳನ್ನ ಒಂದು ಕ್ಷಣಾನೂ ಬಿಟ್ಟು ಹೋಗಬಾರದು ಅಂತ ಸಾರ್" ಎಂದಳು ಅವಳು, ತಲೆ ತಗ್ಗಿಸಿ.

ಮೂಲೆಗೆ ಮರಳಿ ಕೂತ ಮೇಲೆ ರಾಯರಿಗೆ ಫಾರಂ ನೆನಪಾಯಿತು, ಕೆಲಸ ನೆನಪಾಯಿತು. ಅಂಕದ ಪ್ರಶ್ನೆಗಳ ಕೆಳಗೆ, ಕೊನೆಯಲ್ಲಿ ಒಂದು ಸಾಲು: ವೀಕ್ಷಕರು ಮಧ್ಯಪ್ರವೇಶಿಸಿದರೇ? ಹೌದು ಎಂದರೆ ನಾಳೆಯಿಂದ ಮತ್ತೆ ಆ ಖಾಲಿ ಬೆಳಗುಗಳು. ಅವರು 'ಇಲ್ಲ' ಎಂಬುದಕ್ಕೆ ಸುತ್ತು ಹಾಕಿದರು. ಇಡೀ ಸರ್ವೀಸಿನಲ್ಲಿ ಒಂದೂ ಸುಳ್ಳು ವರದಿ ಬರೆದವರಲ್ಲ ಅವರು. ಇನ್ನು ತಾನು ಎದ್ದೇ ಇಲ್ಲ ಎಂದ ಮೇಲೆ ಮಕ್ಕಳ ಹತ್ತಿರ ಯಾರೂ ಬಂದಿಲ್ಲ ಎಂದೇ ಬರೆಯಬೇಕಲ್ಲ. ಮೂವತ್ತೆರಡು ಪ್ರಶ್ನೆಗಳಿಗೂ ಒಂದೊಂದೇ ಅಂಕ ಹಾಕಿದರು. ನಾಚಿಕೆಯಿಂದ ಮಕ್ಕಳ ಮುಖ ನೋಡದೆ ಹೊರಬಿದ್ದರು.

ನಾಲ್ಕು ಗಂಟೆಗೆ ಗುರುಚರಣ ಕರೆಸಿದರು. ಅವರ ಮೇಜಿನ ಮೇಲೆ ಎರಡು ಫಾರಂ ಇದ್ದವು.

"ಕೂತ್ಕೊಳ್ಳಿ ರಾಯರೇ. ನಮ್ಮಲ್ಲೊಂದು ಪದ್ಧತಿ ಇದೆ. ಒಬ್ಬರು ಹಾಕಿದ ಅಂಕ ಸರಿಯೋ ಅಂತ ನೋಡೋಕೆ, ಅವರಿಗೆ ಹೇಳದೇನೆ ಇನ್ನೊಬ್ಬರನ್ನ ಕಳಿಸ್ತೀವಿ. ಇವತ್ತು ಬೆಳಿಗ್ಗೆ ನಮ್ಮ ಮೈಸೂರು ಆಫೀಸಿಂದ ಸುಮೇಧಾ ಅಂತ ಒಬ್ಬಳು ಬಂದ್ಲು. ಅವಳನ್ನ ಕಳಿಸಿದ್ದೆ. ನೀವು ಎಲ್ಲಕ್ಕೂ ಒಂದು ಹಾಕಿದೀರಿ. ಅವಳು ಎಲ್ಲಕ್ಕೂ ಏಳು ಹಾಕಿದಾಳೆ."

ರಾಯರು ಬಗ್ಗಿ ಎರಡು ಫಾರಂಗಳನ್ನೂ ನೋಡಿದರು.

ಗುರುಚರಣ ಕನ್ನಡಕ ಏರಿಸಿ ಓದಿದರು. "ಟೀಚರು ಗಂಡಸು. ವಯಸ್ಸು ಐವತ್ತೈದರ ಮೇಲೆ. ಬೋಳುತಲೆ. ಮಗುವಿನ ಕಣ್ಣಿನ ಮಟ್ಟಕ್ಕೆ ಮಂಡಿಯೂರಿ ಮಾತಾಡುತ್ತಾರೆ. ಹೆದರಿದ್ದ ಮಗುವಿಗೆ ಆಟದಲ್ಲಿ ಮುಖ್ಯ ಪಾತ್ರ ಕೊಟ್ಟರು." ಅವರು ತಲೆಯೆತ್ತಿದರು. "ಇಂಥ ಒಬ್ಬ ಮನುಷ್ಯ ಎರಡು ಗಂಟೆ ನಿಮ್ಮ ಕಣ್ಣೆದುರಿಗೇ ಫೈರ್ ಎಂಜಿನ್ ಓಡಿಸಿದಾನೆ. ನಿಮಗೆ ಕಾಣಲೇ ಇಲ್ವಾ?"

ಕಂಡೆ ಎಂದರೆ ಅಂಕ ಸುಳ್ಳಾಗುತ್ತದೆ. ಕಾಣಲಿಲ್ಲ ಎಂದರೆ ಕುರುಡನಾಗಬೇಕಾಗುತ್ತದೆ. ರಾಯರು ಬೋಳುತಲೆಯನ್ನೊಮ್ಮೆ ಒರೆಸಿಕೊಂಡರು.

"ಕನ್ನಡಕದ ಪವರ್ ಬದಲಾಗಿದೆ ಅನ್ಸತ್ತೆ ಸರ್."

ಆಗಲೇ ಬಾಗಿಲು ತೆರೆದು ಜಗುಲಿಯ ಹುಡುಗಿ ಒಳಗೆ ಬಂದಳು. ಬೆಳಿಗ್ಗೆ ಬಿಗಿದುಕೊಂಡಿದ್ದ ಮುಖವೆಲ್ಲ ಅರಳಿತು. "ಅಯ್ಯೋ, ಮೇಷ್ಟ್ರೇ! ನೀವಿಲ್ಲಿ? ಬೆಳಿಗ್ಗೆ ನಿಮ್ಮನ್ನ ಮಾತಾಡ್ಸೋ ಹಾಗಿರಲಿಲ್ಲ. ನೀವು ಕೇಳಿದ್ದಕ್ಕೆ ಉತ್ತರಾನೂ ಕೊಡದೆ ಕೂತಿದ್ದೆ, ಕ್ಷಮಿಸಿಬಿಡಿ."

ಗುರುಚರಣ ಒಮ್ಮೆ ರಾಯರನ್ನು, ಒಮ್ಮೆ ಫಾರಂಗಳನ್ನು ನೋಡಿದರು.

"ಮೂರನೇದು" ಎಂದರು. ಕೋಪವಿರಲಿಲ್ಲ, ಅವರಿಗೂ ಬೇಸರವಾಗಿತ್ತು.

"ಆ ಮಗು ಅಳು ನಿಲ್ಲಿಸ್ತು ಸರ್" ಎಂದರು ರಾಯರು. "ಅಳ್ತಾ ಇರೋವರೆಗೂ ಕೂತಿದ್ದೆ. ನಿಲ್ಲಿಸಿದ ಮೇಲೆ ಆಗಲಿಲ್ಲ."

ವಿಷಯ ತಿಳಿದ ಸುಮೇಧಾ ಕಂಗಾಲಾದಳು. "ಸರ್, ನಾನು ಇದುವರೆಗೆ ನೂರಾಹನ್ನೆರಡು ಶಿಶುವಿಹಾರ ನೋಡಿದೀನಿ. ಯಾರಿಗೂ ಎಲ್ಲಕ್ಕೂ ಏಳು ಹಾಕಿಲ್ಲ."

"ಅದಕ್ಕೇ ಅವರು ಇಲ್ಲಿ ಇರಬಾರದು" ಎಂದರು ಗುರುಚರಣ. "ಅಲ್ಲಿರಬೇಕು."

ಆ ಮಾತು ಕೇಳಿ ರಾಯರಿಗೆ ಜೀವ ಬಂದಂತಾಯಿತು. ಹೌದಲ್ಲ, ಶರ್ಟು ಹಾಕಿಕೊಂಡು ಪುರಸೈವಾಕ್ಕಂಗೇ ಹೋಗಬಹುದಲ್ಲ! ಸುಮೇಧಾ ಆಗಲೇ ಫಾರಂನಲ್ಲಿದ್ದ ನಂಬರು ನೋಡಿ ರಮಾಬಾಯಿಗೆ ಫೋನು ಹಚ್ಚಿ, ವಿಷಯ ಹೇಳಿ ಸ್ಪೀಕರ್ ಒತ್ತಿದ್ದಳು.

"ಅವರೇನಾ? ಮೊದಲು ಬೈದೆ, ಆಮೇಲೆ ಮೇಲಿಂದ ಕಥೆ ಕೇಳ್ತಾ ನಾನೂ ಕೂತಿದ್ದೆ!" ರಮಾಬಾಯಿಯ ಧ್ವನಿ ಫೋನನ್ನು ಒಡೆಯುವಂತಿತ್ತು. "ನಾಳೆಯಿಂದ್ಲೇ ಬರಲಿ. ಶ್ರೀವಿದ್ಯಾಗೂ ಒಬ್ಬರು ಜೊತೆ ಬೇಕು. ಆದ್ರೆ ಈಗ ಹೊಸ ರೂಲ್ಸ್ ಬಂದಿದೆಯಮ್ಮಾ, ಸರ್ಟಿಫಿಕೇಟ್ ಇಲ್ಲದವರನ್ನ ಮಕ್ಕಳ ಹತ್ರ ಬಿಡೋ ಹಾಗಿಲ್ಲ. ಅದನ್ನ ತಂದ್ರೆ ಸಾಕು."

"ಎಲ್ಲಿ ಸಿಗತ್ತೆ ಅಮ್ಮಾ ಅದು?" ಎಂದು ರಾಯರು ಫೋನಿನ ಮೇಲೆ ಬಗ್ಗಿದರು.

"ನಿಮ್ಮ ಆಫೀಸಲ್ಲೇ ಅಲ್ವೇನಪ್ಪಾ ಕೊಡೋದು!"

ಗುರುಚರಣ ಗಂಭೀರವಾಗಿ ಡ್ರಾಯರು ಎಳೆದು ಒಂದು ಅರ್ಜಿಯನ್ನು ತೆಗೆದು ರಾಯರ ಮುಂದಿಟ್ಟರು. "ನಾಳೆಯಿಂದಲೇ ಶುರು ಮಾಡಬಹುದು. ಇಪ್ಪತ್ತು ದಿನ, ದಿನಕ್ಕೆ ಮೂರು ಗಂಟೆ. ಒಂದು ಶಿಶುವಿಹಾರದ ಮೂಲೇಲಿ ಕೂತು ನೋಡಬೇಕು. ಮಕ್ಕಳನ್ನ ಮುಟ್ಟೋ ಹಾಗಿಲ್ಲ, ಮಾತಾಡ್ಸೋ ಹಾಗಿಲ್ಲ. ಒಂದು ದಿನ ನಿಯಮ ತಪ್ಪಿದ್ರೂ ಮತ್ತೆ ಮೊದಲಿಂದ."

ರಾಯರು ಅರ್ಜಿಯನ್ನು ಮೇಲಿನಿಂದ ಕೆಳಗೆ ಎರಡು ಸಲ ಓದಿದರು. "ಸರ್, ಇದು ನಾನು ಇಷ್ಟು ದಿನ ಮಾಡ್ತಿದ್ದ ಕೆಲಸಾನೇ ಅಲ್ವಾ?"

"ಅದೇ" ಎಂದರು ಗುರುಚರಣ, ಪೆನ್ನಿನ ಕ್ಯಾಪು ತೆಗೆದುಕೊಡುತ್ತ. "ಸಂಬಳ ಮಾತ್ರ ಇರಲ್ಲ."