ನಾಲ್ಕನೆಯ ಚೌಕ

ಒಂದಾನೊಂದು ಕಾಲದಲ್ಲಿ, ಅಂದರೆ ಹೋದ ಮಂಗಳವಾರ, ಹದಿನಾಲ್ಕು ಸೂಪರ್‌ಮಾರ್ಕೆಟ್‌ಗಳನ್ನು ಆಳುವ ಒಂದು ಕಂಪನಿಯಿತ್ತು. ಅದರ ಹನ್ನೊಂದನೆಯ ಅಂಗಡಿಯಲ್ಲಿ ಒಬ್ಬ ಗುಮಾಸ್ತನಿದ್ದ. ಮೂರು ವರ್ಷದಿಂದ ತಾತ್ಕಾಲಿಕ. ಎದುರಿಗೆ ಬೇರೆಯವರ ಸೂಪರ್‌ಮಾರ್ಕೆಟ್ ತೆರೆದ ಮೇಲಂತೂ ಅವನ ನೌಕರಿ ಬಾಡಿದ ಸೊಪ್ಪಿನ ಕಟ್ಟಿನಂತೆ, ಇವತ್ತು ಎಸೆಯುತ್ತಾರೋ ನಾಳೆಯೋ ಎಂದು ಕಾಯುತ್ತ ಕೂತಿತ್ತು.

ಬೆಳಿಗ್ಗೆ ಮ್ಯಾನೇಜರು ಕರೆದು ಒಂದು ಹಾಳೆ ಕೊಟ್ಟರು. ಅದರಲ್ಲಿ ನಾಲ್ಕು ಚೌಕ: ನಮ್ಮ ಬಲ, ನಮ್ಮ ದೌರ್ಬಲ್ಯ, ಹೊರಗಿನ ಅವಕಾಶ, ಹೊರಗಿನ ಅಪಾಯ.

"ಇದು ಐದು ಗಂಟೆಗೆ ಹೆಡ್ ಆಫೀಸಿಗೆ ಹೋಗ್ಬೇಕು. ನಾಲ್ಕೂ ತುಂಬಿದ್ರೆ ನಿನ್ನ ಕಾಯಂ ಮಾಡಿ ಅಂತ ನಾನೇ ಬರೀತೀನಿ."

ಕತೆಯ ರಾಜಕುಮಾರನಿಗಾದರೆ ಅರ್ಧ ರಾಜ್ಯ ಸಿಗುತ್ತಿತ್ತು. ಇವನಿಗೆ ಕಾಯಂ ನೌಕರಿಯೇ ಸಾಕಿತ್ತು. "ತುಂಬಿಸ್ತೀನಿ ಸಾರ್," ಎಂದು ಮಾತು ಕೊಟ್ಟ.

ಮೂರು ಚೌಕ ಹೇಗೋ ಆದವು. ಬಲ: ಅಂಗಡಿಯ ಎ.ಸಿ. ದೌರ್ಬಲ್ಯ: ಎ.ಸಿ.ಗಾಗಿ ಮಾತ್ರ ಬರುವ ಗಿರಾಕಿಗಳು. ಅವಕಾಶ: ಬೇಸಿಗೆ. ನಾಲ್ಕನೆಯದಕ್ಕೆ ಎದುರಂಗಡಿಯ ಬೆಲೆಗಳನ್ನು ನೋಡಿ ಬರಲೇಬೇಕು.

"ಅಲ್ಲಿಂದ ಬರಿಗೈಲಿ ಬಂದ್ರೆ ಗೂಢಚಾರ ಅಂತ ಹಿಡೀತಾರಪ್ಪ," ಎಂದಳು ಬಿಲ್ ಹಾಕುವ ಅಕ್ಕ. "ನಂಗೆ ಸೋಪು ತಗೊಂಬಾ. ಅಲ್ಲಿ ಒಂದಕ್ಕೊಂದು ಫ್ರೀ."

ತಂದ. ತರಕಾರಿ ತೂಗುವ ಅಣ್ಣನ ಮುಖ ಊದಿಕೊಂಡಿತು. "ಅಕ್ಕಂಗೆ ಮಾತ್ರಾನಾ? ನಾನೇನು ಪಾಪ ಮಾಡಿದ್ದೆ? ಎರಡು ಕೆ.ಜಿ. ಟೊಮೇಟೊ ತಾ. ನಮ್ಮದು ಬೇಡ, ಅದನ್ನ ನಾನು ದಿನಾ ನೋಡ್ತೀನಲ್ಲ."

ಆಮೇಲೆ ಕಾವಲುಗಾರ ಮಾವನಿಗೆ ಚಪ್ಪಲಿ. ಅಳತೆ ಸರಿಹೋಗದೆ ಬದಲಾಯಿಸಲು ಮತ್ತೆರಡು ಸಲ. ಪ್ರತಿ ಸಲವೂ ಕೈತುಂಬ ಚೀಲ. ಬೆಲೆ ಬರೆದುಕೊಳ್ಳಲು ಕೈಯೇ ಉಳಿಯುತ್ತಿರಲಿಲ್ಲ. ರಸ್ತೆ ದಾಟುವಷ್ಟರಲ್ಲಿ ನೆನಪಿನಲ್ಲಿದ್ದುದೂ ಲಾರಿಯ ಹೊಗೆಯೊಂದಿಗೆ ಹೋಗುತ್ತಿತ್ತು.

ನಾಲ್ಕೂವರೆಗೆ ಆರನೆಯ ಸಲ ಹೊರಟಾಗ ಮ್ಯಾನೇಜರೇ ಹಿಂದೆ ಬಂದು ಪಿಸುಗುಟ್ಟಿದರು. "ಬರ್ತಾ ನಂಗೊಂದು ಚಹಾಪುಡಿ. ಯಾರಿಗೂ ಹೇಳ್ಬೇಡ."

ಚಹಾಪುಡಿ ಹಿಡಿದು ಹೊರಬೀಳುವಾಗ ಎದುರಂಗಡಿಯ ಒಡೆಯ ಬಾಗಿಲಲ್ಲಿ ಅಡ್ಡ ನಿಂತ. "ಇವತ್ತು ಆರು ಸಲ ಬಂದಿರಿ ಅಲ್ವಾ?"

ಗುಮಾಸ್ತ ಚಹಾಪುಡಿಯನ್ನು ಬೆನ್ನ ಹಿಂದೆ ಸರಿಸಿದ. ಆದರೆ ಒಡೆಯ ಹೆಗಲ ಮೇಲೆ ಕೈ ಹಾಕಿ, "ಸ್ವಲ್ಪ ನಗಿ," ಎಂದು ಫೋಟೊ ತೆಗೆಸಿಕೊಂಡ.

ರಸ್ತೆ ದಾಟಿ ತಿರುಗಿ ನೋಡಿದರೆ, ಎದುರಂಗಡಿಯ ದೊಡ್ಡ ಪರದೆಯ ಮೇಲೆ ಆಳೆತ್ತರಕ್ಕೆ ತಾನೇ ನಗುತ್ತಿದ್ದಾನೆ. ಮೈಮೇಲೆ ಬೆಳಿಗ್ಗೆಯಿಂದ ಬಿಚ್ಚಲು ಮರೆತಿದ್ದ ಹಸಿರು ಏಪ್ರನ್. ಅದರ ಮೇಲೆ ತನ್ನ ಕಂಪನಿಯ ಹೆಸರು, ರಸ್ತೆಯಾಚೆಯಿಂದಲೂ ಓದುವಷ್ಟು ಸ್ಪಷ್ಟ. ಕೆಳಗೆ ಒಂದು ಸಾಲು: 'ಎದುರಂಗಡಿಯವರೂ ಕೊಳ್ಳುವುದು ನಮ್ಮಲ್ಲೇ.'

ಮ್ಯಾನೇಜರು ಕಿಟಕಿಯಲ್ಲಿ ನಿಂತು ಅದನ್ನೇ ಓದುತ್ತಿದ್ದರು. ಅಕ್ಕ ಬಿಲ್ಲಿನಲ್ಲಿ, ಅಣ್ಣ ತಕ್ಕಡಿಯಲ್ಲಿ, ಮಾವ ಹೊಸ ಚಪ್ಪಲಿಯಲ್ಲಿ ಮುಖ ಹುದುಗಿಸಿದ್ದರು.

"ನಾಲ್ಕನೇದು ಖಾಲಿ ಇದೆಯಲ್ಲ," ಎಂದರು ಮ್ಯಾನೇಜರು.

"ಇನ್ನು ಹತ್ತು ನಿಮಿಷ ಸಾರ್..."

"ಬೇಡ, ನಾನೇ ತುಂಬಿಸ್ತೀನಿ." ಗುಮಾಸ್ತನ ಹೆಸರು, ತಂದೆಯ ಹೆಸರು, ಸಿಬ್ಬಂದಿ ಸಂಖ್ಯೆ ಎಲ್ಲವನ್ನೂ ದುಂಡಗೆ ಬರೆದರು.

"ಸಾರ್, ಅದು ಹೊರಗಿನ ಅಪಾಯದ ಚೌಕ. ನಾನು ಒಳಗಿನವನು."

"ನಾಳೆಯಿಂದ ಹೊರಗಿನವನೇ," ಎಂದು ಮ್ಯಾನೇಜರು ಚಹಾಪುಡಿಗೆ ಕೈ ಚಾಚಿದರು.

ಗಡಿಯಾರ ಐದು ಹೊಡೆಯಿತು. ನಾಲ್ಕೂ ಚೌಕ ತುಂಬಿದ್ದವು.