ಚಕ್ಕುಲಿ ಒರಳಿನ ಬಂದೂಕು

ನಮ್ಮ ಸೋದರಮಾವನ ಹತ್ತಿರ ಒಂದು ಬಂದೂಕಿದೆ. ಗಾಬರಿಯಾಗಬೇಡಿ! ಅದರಲ್ಲಿ ಗುಂಡಿಲ್ಲ, ಗುಂಡಿಯಿದೆ. ಅದಕ್ಕೆ ಹೆದರುವವರು ಇಡೀ ತ್ಯಾಗರಾಜನಗರದಲ್ಲಿ ಒಬ್ಬರೇ. ಅವರು ಮಾವನ ಧರ್ಮಪತ್ನಿ, ಅಂದರೆ ನಮ್ಮ ಅತ್ತೆ.

ಬಂದೂಕಿನ ಹಿಡಿ ನಮ್ಮ ಅಜ್ಜನ ಮಂಚದ ಕಾಲು. ನಳಿಗೆ ಕಿಟಕಿಯ ಪರದೆ ತೂಗುಹಾಕುತ್ತಿದ್ದ ಕೊಳವೆ. ಅದರ ಬಾಯಿಗೆ ಹಳೆಯ ಕ್ಯಾಮೆರಾದಿಂದ ಕಿತ್ತ ಫ್ಲಾಷ್ ಕೂರಿಸಿದ್ದಾರೆ. ಗುಂಡಿ ಒತ್ತಿದರೆ ಫಳ್ಳೆಂದು ಬೆಳಕು. ಅದೇ ಹೊತ್ತಿಗೆ ರಂಗದ ಹಿಂದೆ ಒಬ್ಬರು ತಗಡಿನ ಡಬ್ಬಕ್ಕೆ ಬಡಿಯಬೇಕು. ಬೆಳಕೂ ಸದ್ದೂ ಒಟ್ಟಿಗೆ ಬಂದ ವರ್ಷಗಳು ಕಡಿಮೆ. ಒಮ್ಮೆಯಂತೂ ಸದ್ದು ಮೊದಲೇ ಬಂದು, ಕಳ್ಳರೆಲ್ಲ ಓಡಿಹೋದ ಮೇಲೆ ಮಾವ ಸಾವಧಾನವಾಗಿ ಗುಂಡು ಹಾರಿಸಿದ್ದರು!

ರಂಗ ಎಂದೆನಲ್ಲ, ಮಾವನ ಹವ್ಯಾಸಿ ತಂಡ ಚಾಮರಾಜಪೇಟೆಯಲ್ಲಿದೆ. ವರ್ಷಕ್ಕೊಂದು ಪ್ರದರ್ಶನ, ಪ್ರತಿವರ್ಷ ಅದೇ ನಾಟಕ. ಮಾವನದು ಫಾರೆಸ್ಟ್ ಗಾರ್ಡಿನ ಪಾತ್ರ. ಕೊನೆಯ ದೃಶ್ಯದಲ್ಲಿ ಬಂದು, ಸಭಿಕರ ತಲೆಯ ಮೇಲೆ ಗುರಿಯಿಟ್ಟು ಗುಂಡು ಹಾರಿಸಿ, ಕಳ್ಳರನ್ನು ಓಡಿಸಿ, ನಡುಗುತ್ತ ಕುಳಿತ ಹಳ್ಳಿಯವರಿಗೆ "ಹೆದರಬೇಡಿ, ನಾನಿದ್ದೀನಿ" ಎನ್ನಬೇಕು. ಅಲ್ಲಿಗೆ ಪರದೆ. ಇಡೀ ನಾಟಕದಲ್ಲಿ ಮಾವನ ಮಾತು ಇಷ್ಟೇ! ಇದಕ್ಕೆ ಎರಡು ತಿಂಗಳ ತಾಲೀಮು. ಹಲ್ಲುಜ್ಜುವಾಗ ಒಂದು ಧಾಟಿ, ಹುರುಳಿಕಾಯಿ ಹೆಚ್ಚುವಾಗ ಇನ್ನೊಂದು. ಹೂವಿನವಳು ಗೇಟು ತಟ್ಟಿದರೂ ಒಳಗಿನಿಂದ ಗಂಭೀರವಾಗಿ "ಹೆದರಬೇಡಿ, ನಾನಿದ್ದೀನಿ" ಎಂದೇ ಉತ್ತರ. ಇದ್ರೆ ಬಂದು ಹೂವು ತೊಗೊಳ್ಳಿ ಸ್ವಾಮಿ ಎಂದು ಅವಳು ಗೊಣಗುತ್ತಿದ್ದಳು.

ಇಂಥ ದೃಶ್ಯವನ್ನು ಅತ್ತೆ ಕೊನೆಯವರೆಗೆ ನೋಡಿಯೇ ಇರಲಿಲ್ಲ. ಮಾವ ಬಂದೂಕು ಹಿಡಿದು ಒಳಗೆ ಬಂದರೆ ಅತ್ತೆ ಚೀಲ ಹಿಡಿದು ಹೊರಗೆ ಹೋಗುವರು. ಗಂಡನ ಅಭಿನಯ ತಡೆಯಲಾರದೆ ಎದ್ದುಹೋಗುತ್ತಾರೆ ಎಂದು ನಾವೆಲ್ಲ ನಗುತ್ತಿದ್ದೆವು, ಮಾವನೂ ನಗುತ್ತಿದ್ದರು. ನಿಜ ಏನೆಂದರೆ, ಮದುವೆಯಾದ ಹೊಸದರಲ್ಲಿ ಅತ್ತೆ ಮುಂದಿನ ಸಾಲಿನಲ್ಲಿ ಕುಳಿತಿದ್ದಾಗ ಆ ಬೆಳಕು ಕಣ್ಣಿಗೆ ಹೊಡೆದು, ಅರೆತಲೆನೋವು ಬಂದು, ಎರಡು ದಿನ ಕತ್ತಲೆ ಕೋಣೆಯಲ್ಲಿ ಮಲಗಿಬಿಟ್ಟಿದ್ದರು. ಅಂದಿನಿಂದ ಹೊರಗೆ ಬೆಂಚಿನ ಮೇಲೆ ಕುಳಿತು ಚಪ್ಪಾಳೆ ಮಾತ್ರ ಕೇಳಿಸಿಕೊಂಡು ಬರುತ್ತಿದ್ದರು.

ಈ ವರ್ಷ ಮಾವನ ಮೊಣಕಾಲು ಕೈಕೊಟ್ಟಿತು. ಕಾಲು ಕೈಕೊಟ್ಟ ಮೇಲೆ ನಟ ಏನು ಮಾಡಬೇಕು? ಮುಂದಿನ ವರ್ಷದಿಂದ ಪಾತ್ರ ಬೇರೆಯವರಿಗೆ ಎಂದು ತೀರ್ಮಾನವಾಯಿತು. ಅಂದು ಮಾವ ನನ್ನನ್ನು ಪಕ್ಕಕ್ಕೆ ಕರೆದರು.

"ಈ ಸಲನಾದ್ರೂ ನಿಮ್ಮತ್ತೆ ಕೊನೇವರೆಗೂ ಕೂತು ನೋಡ್ಬೇಕು ಕಣೋ."

ಹಾಗಾದರೆ ಫ್ಲಾಷ್ ಕಿತ್ತುಹಾಕಿದರಾಯಿತಲ್ಲ ಎಂದೆ. ಮಾವ ನನ್ನನ್ನು ಕನಿಕರದಿಂದ ನೋಡಿದರು. ಬೆಳಕಿಲ್ಲದೆ ಸದ್ದು ಮಾತ್ರ ಬಂದರೆ ಹಿಂದಿನ ಸಾಲಿನವರು ಒಳಗೆ ಯಾರೋ ಡಬ್ಬ ಬೀಳಿಸಿದರು ಅಂದುಕೊಳ್ಳುತ್ತಾರಂತೆ. ಮೊಬೈಲಿನಲ್ಲಿ ವಾರಗಟ್ಟಲೆ ವಿಡಿಯೋ ನೋಡಿ ಮಾವ ಉಪಾಯ ಹುಡುಕಿಟ್ಟಿದ್ದರು. ನಿಜವಾದ ರೈಫಲ್ಲಿನ ಮೂತಿಗೆ ಫ್ಲಾಷ್ ಸಪ್ರೆಸರ್ ಎಂಬ ಟೊಪ್ಪಿಗೆ ಹಾಕುತ್ತಾರೆ. ಕೆಲವಕ್ಕೆ ಪಕ್ಕದಲ್ಲಿ ಸೀಳು, ಕೆಲವು ಹಕ್ಕಿಯ ಪಂಜರದಂತೆ, ಕೆಲವು ಆಲಿಕೆಯಂತೆ. ಅದು ಬೆಂಕಿಯನ್ನು ಪೂರ್ತಿ ಆರಿಸುವುದಿಲ್ಲ, ಹಾರಿಸಿದವನ ಕಣ್ಣು ಕೋರೈಸದಂತೆ ಚದುರಿಸುತ್ತದೆ. ಸೈನಿಕರ ಈ ಸಲಕರಣೆಯನ್ನು ಮಾವ ಪರದೆಯ ಕೊಳವೆಗೆ ತೊಡಿಸಲು ಹೊರಟರು!

ನಗರ್ತಪೇಟೆಗೆ ನನ್ನನ್ನೂ ಎಳೆದುಕೊಂಡು ಹೋದರು. ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಮಾವ ಸ್ಪಷ್ಟ ಉಚ್ಚಾರಣೆಯಲ್ಲಿ ಫ್ಲಾಷ್ ಸಪ್ರೆಸರ್ ಕೇಳಿದರು.

"ಫ್ಲಶ್‌ಗೆ ಪ್ರೆಷರ್ ಬರ್ತಿಲ್ವಾ ಸಾರ್? ವಾಷರ್ ಹೋಗಿರತ್ತೆ, ಅಷ್ಟೇ," ಎಂದರು ಅಂಗಡಿಯವರು.

ಇದು ಕಕ್ಕಸಿನದಲ್ಲ, ಬಂದೂಕಿನದು ಎಂದು ಮಾವ ತಿದ್ದಿದರು. ಅಂಗಡಿಯವರು ಮಾವನ ಮುಖ ನೋಡಿದರು, ನನ್ನ ಮುಖ ನೋಡಿದರು, ವಾಷರನ್ನೇ ಪೊಟ್ಟಣ ಕಟ್ಟಿ ಕೈಗಿಟ್ಟರು. ಬಂದೂಕು ಇಟ್ಟುಕೊಂಡವರ ಜೊತೆ ವಾದ ಯಾರಿಗೆ ಬೇಕು? ಮಾವನ ಮನೆಯಲ್ಲಿ ಒಂದು ವರ್ಷದಿಂದ ಸೋರುತ್ತಿದ್ದ ಫ್ಲಶ್ ಅಂದೇ ಸರಿಹೋಯಿತು. ಆ ಬಂದೂಕಿನಿಂದ ಮನೆಗೆ ಆದ ಮೊದಲ ಉಪಕಾರ ಅದು.

ಇನ್ನುಳಿದದ್ದು ಅಡುಗೆಮನೆ. ಸಂಜೆ ಹೊತ್ತು ಮಹಡಿಯ ಮೇಲೆ ಆಯ್ಕೆ ಸಮಿತಿ ಸೇರಿತು. ನಾನು ಕುರ್ಚಿಯಲ್ಲಿ ಅತ್ತೆಯಾಗಿ ಕೂರಬೇಕು, ಮಾವ ಹಾರಿಸಬೇಕು, ಕಣ್ಣಮುಂದೆ ಎಷ್ಟು ಚುಕ್ಕೆ ಕುಣಿದವೆಂದು ನಾನು ವರದಿ ಒಪ್ಪಿಸಬೇಕು. ಟೀ ಸೋಸುವ ಜಾಲರಿಗೆ ಹದಿನೈದು ಚುಕ್ಕೆ. ಎಣ್ಣೆ ಸುರಿಯುವ ಆಲಿಕೆ ಇಟ್ಟಾಗ ಕಣ್ಣು ಕತ್ತಲಿಟ್ಟು ಚುಕ್ಕೆಯೂ ಕಾಣಲಿಲ್ಲ, ಮಾವನೂ ಕಾಣಲಿಲ್ಲ. ಕಡೆಗೆ ಬಂತು ಹಿತ್ತಾಳೆಯ ಚಕ್ಕುಲಿ ಒರಳು, ಜೊತೆಗೆ ಅದರ ಬಿಲ್ಲೆಗಳು. ನಕ್ಷತ್ರದ ಬಿಲ್ಲೆ ಹಾಕಿ ಹಾರಿಸಿದಾಗ ನನ್ನ ಕಣ್ಣೊಳಗೆ ಹಸಿರು ನಕ್ಷತ್ರವೊಂದು ಮೂಡಿ, ರಾತ್ರಿ ಊಟದ ತಟ್ಟೆಯವರೆಗೂ ಬಂತು. ಓಂಪುಡಿಯ ಸಣ್ಣ ತೂತಿನ ಬಿಲ್ಲೆಗೆ ಮಾತ್ರ ಒಂದು ಚುಕ್ಕೆಯೂ ಇಲ್ಲ! ಮಾವ ಅದನ್ನೇ ಆರಿಸಿದರು.

ಅಷ್ಟರಲ್ಲಿ ಪಕ್ಕದ ಮಹಡಿಯ ಹೆಂಗಸು, ನಮ್ಮ ಫೋಟೋ ಯಾಕೆ ತೆಗೀತಿದೀರಿ ಎಂದು ಜೋರು ಮಾಡಿದರು. ಮಾವ ಕೈಮುಗಿದು ಇಲ್ಲವೆಂದರು. ಅವರಿಗೆ ನಂಬಿಕೆ ಬಂದಂತಿರಲಿಲ್ಲ, ಮರುದಿನ ಒಣಗಿದ ಬಟ್ಟೆ ತೆಗೆಯಲು ರೇಷ್ಮೆ ಸೀರೆ ಉಟ್ಟು ಬಂದರು. ಎದುರಿಗೆ ಹಾರಿಸಿದ ಬೆಳಕು ಪಕ್ಕದ ಮನೆಗೆ ಹೇಗೆ ಹೋಯಿತು ಎಂದು ನಾವಿಬ್ಬರೂ ಆಗ ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ಗೋಕುಲಾಷ್ಟಮಿ ಬಂತು. ಅತ್ತೆ ಹಿಟ್ಟು ಕಲಸಿಟ್ಟು ಒರಳಿಗಾಗಿ ಮನೆಯೆಲ್ಲ ಜಾಲಾಡಿದರು. ಕೊನೆಗೆ ಅದು ಬಾಗಿಲ ಹಿಂದೆ, ಬಂದೂಕಿನ ಮೂತಿಯಲ್ಲಿ ಸಿಕ್ಕಿತು.

"ಇದನ್ನ ಯಾಕ್ರೀ ಇಲ್ಲಿ ಸಿಕ್ಕಿಸಿದೀರಿ?"

"ನಿನಗೋಸ್ಕರನೇ ಕಣೇ. ಇನ್ಮೇಲೆ ಕಣ್ಣಿಗೆ ಹೊಡೆಯಲ್ಲ. ಈ ಸಲ ಎದ್ದು ಹೋಗ್ಬೇಡ."

ಕೃಷ್ಣನಿಗೆ ಈ ವರ್ಷ ಕೈಯಲ್ಲೇ ಸುತ್ತಿದ ಚಕ್ಕುಲಿ, ಅದರಲ್ಲಿ ಕೆಲವು ಚಕ್ಕುಲಿಯಂತೆಯೇ ಇದ್ದವು. ಒರಳನ್ನು ಮಾತ್ರ ಅತ್ತೆ ಬಿಚ್ಚಲಿಲ್ಲ.

ನಾಟಕದ ಸಂಜೆ ಅತ್ತೆ ಮುಂದಿನ ಸಾಲಿನಲ್ಲಿ ನನ್ನ ಪಕ್ಕ ಕುಳಿತರು. ಮಾವ ಕುಂಟುತ್ತ ಬಂದರು. ಅತ್ತೆಯ ಕೈ ಅಭ್ಯಾಸಬಲದಿಂದ ಚೀಲಕ್ಕೆ ಹೋಯಿತು, ಆದರೆ ಅವರು ಏಳಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡರು. ಮಾವ ಗುಂಡಿ ಒತ್ತಿದರು. ಆಶ್ಚರ್ಯವೆಂದರೆ ಡಬ್ಬವೂ ಸರಿಯಾಗಿ ಅದೇ ಕ್ಷಣಕ್ಕೆ ಸದ್ದು ಮಾಡಿತು! ಮುಂದಕ್ಕೆ ಬೆಳಕು ಬರಲಿಲ್ಲ. ಒರಳು ನಳಿಗೆಗಿಂತ ದಪ್ಪವಲ್ಲವೇ, ಅದರ ಹಿಂದಿನ ಸಂದಿಯಿಂದ ಬೆಳಕೆಲ್ಲ ಪಕ್ಕಕ್ಕೆ ನುಗ್ಗಿ, ಪರದೆಯ ಮರೆಯಲ್ಲಿ ಪುಸ್ತಕ ಹಿಡಿದು ಮಾತು ಎತ್ತಿಕೊಡಲು ನಿಂತವರ ಕಣ್ಣಿಗೆ ಬಡಿಯಿತು. ಪಕ್ಕದ ಪರದೆ ಬೆಳಗಿದ್ದು ಕಂಡು ಹಿಂದಿನ ಸಾಲು ಚಪ್ಪಾಳೆ ತಟ್ಟಿತು.

"ಆಯ್ತೇನೋ?" ಎಂದರು ಅತ್ತೆ.

"ಆಯ್ತು ಅತ್ತೆ, ಕಣ್ಣು ಬಿಡಿ."

ಅತ್ತೆ ಕಣ್ಣು ಬಿಟ್ಟರು. ಮಾವ ಅವರನ್ನೇ ನೋಡುತ್ತಿದ್ದರು. ನೋಡುತ್ತ ನೋಡುತ್ತ ಮಾತು ಮರೆತೇಹೋಯಿತು! ಹಲ್ಲುಜ್ಜುವಾಗ ತಪ್ಪದ ಮಾತು, ಹುರುಳಿಕಾಯಿಯ ಮುಂದೆ ತಪ್ಪದ ಮಾತು, ಹೆಂಡತಿ ಎದುರಿಗೆ ಕುಳಿತ ದಿನ ಬಾಯಿಗೆ ಬರಲಿಲ್ಲ. ಮರೆಯಲ್ಲಿದ್ದವರು ಕಣ್ಣುಜ್ಜಿಕೊಳ್ಳುತ್ತ, ತಡೀರಿ, ಅಕ್ಷರ ಕಾಣ್ತಿಲ್ಲ ಎಂದಿದ್ದು ನಮಗೂ ಕೇಳಿಸಿತು. ರಂಗದ ಮೇಲೆ ಹಳ್ಳಿಯವರೆಲ್ಲ ನಡುಗುತ್ತ ಕಾಯುತ್ತಿದ್ದರು.

ಆಗ ಅತ್ತೆ ಕುಳಿತಲ್ಲಿಂದಲೇ, ದೃಶ್ಯ ನೋಡದಿದ್ದರೂ ಅಡುಗೆಮನೆಯಲ್ಲಿ ಇಷ್ಟು ವರ್ಷ ಕೇಳಿ ಕೇಳಿ ಬಾಯಿಪಾಠವಾಗಿದ್ದ ಆ ಮಾತನ್ನು ಮೆಲ್ಲಗೆ ಎತ್ತಿಕೊಟ್ಟರು.

"ಹೆದರಬೇಡಿ, ನಾನಿದ್ದೀನಿ."

ಮಾವ ಆ ಮಾತನ್ನು ಹಳ್ಳಿಯವರಿಗೆ ಹೇಳಲೇ ಇಲ್ಲ. ಬಂದೂಕು ಕೆಳಗಿಳಿಸಿ, ಅತ್ತೆಯ ಕಡೆ ತಿರುಗಿ, "ಹೂಂ" ಎಂದರು.